ಪುಷ್ಪಾಳ ಎಡಗಾಲು

ಪುಷ್ಪಾ ಎರಡನೇ ಸಲವೂ ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾಗುವಂತೆ ಮಾಡಿದವಳು ನಾನು. ಅವಳಿಗೆ ಕಲಿಸಿದವಳೂ ನಾನೇ. ಕಲಿಸುತ್ತಲೇ ಕೆಡಿಸಿದೆ — ಎದುರಿನವರಿಗೆ ಅನುಮಾನ ಬಾರದಂತೆ, ನಗುನಗುತ್ತಾ.

ರವೀಂದ್ರನಗರದಲ್ಲಿ ನನ್ನದೊಂದು ಡ್ರೈವಿಂಗ್ ಸ್ಕೂಲ್ ಇದೆ. ಹೆಂಗಸರಿಗೆ ಹೆಂಗಸೇ ಕಲಿಸುತ್ತಾಳೆ ಎಂಬುದೇ ಅದರ ಬಂಡವಾಳ. ಯಾರ ಹಂಗಿಲ್ಲದೆ ಕಟ್ಟಿದ್ದು. ಗಾಂಧಿ ಬಜಾರಿನಲ್ಲಿ ಒಂದು ಸೀಟ್ ಕವರಿಗೂ ಅಂಗಡಿಯವನು ಕೈಮುಗಿಯುವ ತನಕ ಚೌಕಾಸಿ ಮಾಡುವವಳು ನಾನು. ಜಂಬಕ್ಕೆ ಹೇಳುತ್ತಿಲ್ಲ — ಸ್ವಲ್ಪ ಜಂಬವೂ ಇದೆ, ಇರಲಿ.

ಪುಷ್ಪಾ ಭದ್ರಾವತಿಯ ನ್ಯೂ ಟೌನಿನವಳು. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಕಲಿಯುತ್ತಿದ್ದಳು. ಮೊದಲ ಸಲ ಫೇಲಾದದ್ದು ಅವಳ ತಪ್ಪಿನಿಂದಲೇ: ಏರಿನಲ್ಲಿ ನಿಲ್ಲಿಸಿ ಹೊರಡುವಾಗ ಗಾಬರಿಯಾಗಿ ಕ್ಲಚ್ ಬಿಟ್ಟಳು, ಕಾರು ಹಿಂದಕ್ಕೆ ಜಾರಿತು. ಎಲ್ಲರಿಗೂ ಆಗುವಂಥದ್ದೇ. ನಾಲ್ಕು ದಿನ ಏರಿನಲ್ಲಿ ಒದ್ದಾಡಿದರೆ ಕಾಲಿಗೆ ತಾನೇ ತಿಳಿಯುತ್ತದೆ.

ಅತ್ತು ಮುಗಿಸಿ ಅವಳು ಹೇಳಿದಳು: "ಅಕ್ಕಾ, ಈ ಸಲ ಆಗ್ಲೇಬೇಕು. ನಮ್ಮ ಏರಿಯಾದ ಸ್ಕೂಲಿನವರು ಹೆಣ್ಣುಮಕ್ಕಳ ವ್ಯಾನಿಗೆ ಲೇಡಿ ಡ್ರೈವರೇ ಬೇಕು ಅಂತಿದ್ದಾರೆ. ಸ್ಕೂಲ್ ಶುರುವಾಗೋದ್ರೊಳಗೆ ಲೈಸೆನ್ಸ್ ತಂದ್ರೆ ಕೆಲಸ ನಂದೇ."

ಅದೇ ಶಾಲೆಗೆ ನನ್ನ ವ್ಯಾನನ್ನೂ ಡ್ರೈವರನ್ನೂ ಹಚ್ಚಲು ನಾನು ಓಡಾಡುತ್ತಿದ್ದೆ. "ನೋಡೋಣ ಮೇಡಂ, ಇಲ್ಲೇ ಒಬ್ಬ ಹೆಂಗಸು ಇದ್ದಾರೆ" ಎಂದು ಅವರು ನನ್ನನ್ನು ಸಾಗಹಾಕುತ್ತಿದ್ದರು. ಆ ಹೆಂಗಸು ನನ್ನ ಎದುರೇ ಮೂಗು ಒರೆಸಿಕೊಳ್ಳುತ್ತಾ ಕೂತಿದ್ದಳು.

"ಅಳ್ಬೇಡ ಮಾರಾಯ್ತಿ. ನಾನೇ ರೆಡಿ ಮಾಡ್ತೀನಿ, ನಾಳೆಯಿಂದ ಬಾ" ಎಂದೆ.

ಕಲಿಸುವ ಕಾರಿನಲ್ಲಿ ನಮ್ಮ ಕಾಲ ಬಳಿಯೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತದೆ. ನಾವು ಒತ್ತಿದರೆ ಕಲಿಯುವವರ ಪೆಡಲೂ ಜೊತೆಗೇ ಕೆಳಗಿಳಿಯುತ್ತದೆ. ಹೊಸಬರಿಗೆ ಮೊದಲ ದಿನಗಳಲ್ಲಿ ಗಾಡಿಯನ್ನು ನಡೆಸುವವರು ನಾವೇ. ಆಮೇಲೆ ದಿನದಿನಕ್ಕೂ ನಮ್ಮ ಕಾಲನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತೆಗೆಯಬೇಕು. ಕಸುಬೆಂದರೆ ಅಷ್ಟೇ — ತೆಗೆಯುವುದು. ನಾನು ತೆಗೆಯಲಿಲ್ಲ. "ಕಾಲು ಪೆಡಲ್ ಮೇಲೆ ಸುಮ್ನೆ ಇಟ್ಟಿರು, ಭಾರ ಹಾಕಬೇಡ" ಎಂದು ಅವಳಿಗೆ ಹೇಳಿಕೊಟ್ಟು, ಏರಿನಲ್ಲಿ ಪ್ರತಿ ಸಲ ನಾನೇ ಹಿಡಿದೆ, ನಾನೇ ಬಿಟ್ಟೆ. ಕಾರು ಬೆಣ್ಣೆಯ ಹಾಗೆ ಏರಿತು.

"ಅಕ್ಕಾ, ನಿಂತ್ಕೊಂಡ್ತು! ಒಂಚೂರೂ ಜಾರ್ಲಿಲ್ಲ!" ಎಂದು ಅವಳು ಸ್ಟೇರಿಂಗ್ ತಟ್ಟುತ್ತಿದ್ದಳು. ಒಂದು ದಿನ ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಬಂದಳು. ತಿಂದೆ. ಉಪ್ಪು ಕಮ್ಮಿಯಾಗಿದೆ ಎಂದೂ ಹೇಳಿದೆ.

ಕಲಿಯುವವರಿಗೆ ಒಂದು ಮಾತು: ಗಾಡಿ ತೀರಾ ಸಲೀಸಾಗಿ ಓಡಿದ ದಿನ ಒಮ್ಮೆ ಪಕ್ಕದವರ ಕಾಲು ನೋಡಿ. ಆಗ ಈ ಬುದ್ಧಿಯನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ.

ಟೆಸ್ಟಿನ ದಿನ ಅವಳ ಗಂಡ ಮುರುಗೇಶನೂ ಬಂದಿದ್ದ. ನನ್ನ ಜಾಗದಲ್ಲಿ ಇನ್ಸ್‌ಪೆಕ್ಟರ್ ಕೂತರು; ಕಾಲನ್ನು ಪೆಡಲಿನಿಂದ ದೂರವೇ ಇಟ್ಟುಕೊಂಡರು. ಏರಿನ ಅರ್ಧಕ್ಕೆ ಕಾರು ನಿಂತಿತು. ಅವಳು ಕಾಲನ್ನು ನಾನು ಹೇಳಿದ ಹಾಗೇ, ಸುಮ್ಮನೆ ಇಟ್ಟುಕೊಂಡು ಕಾದಳು — ಕಾರು ತಾನೇ ಏರುತ್ತದೆಂದು. ಎಂಜಿನ್ ಆಫಾಯಿತು, ಕಾರು ಹಿಂದಕ್ಕೆ ಉರುಳಿ, ಗುರುತಿಗೆ ನೆಟ್ಟಿದ್ದ ಕಂಬವನ್ನು ಬೀಳಿಸಿತು. ಸಾಲಿನಲ್ಲಿದ್ದವನೊಬ್ಬ ಕೂಗಿದ: "ಅಕ್ಕೋರೇ, ರಿವರ್ಸ್ ಟೆಸ್ಟ್ ಆಮೇಲೆ!" ಎಲ್ಲರೂ ನಕ್ಕರು. ಮುರುಗೇಶನೂ ನಕ್ಕ. "ಬಸ್ಸಲ್ಲೇ ಓಡಾಡು ತಾಯಿ, ಜನ ಉಳ್ಕೊಳ್ಳಲಿ" ಎಂದ.

ಅವಳು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ದಿನಾ ಬರ್ತಿತ್ತಲ್ಲಾ ಅಕ್ಕಾ?"

ಆಗಲೂ ಸುಮ್ಮನಿರಬಹುದಿತ್ತು. ಫೇಲ್ ಮಾಡಿದ್ದಷ್ಟೇ ಸಾಕಿತ್ತು ನನ್ನ ಕೆಲಸಕ್ಕೆ. ಆದರೆ ಅವಳು ಮೂರನೇ ಸಲ ಬಂದರೆ? ಅದಕ್ಕೇ ಹೇಳಿದೆ: "ನಿನ್ನ ಎಡಗಾಲಿಗೆ ಬುದ್ಧಿ ಇಲ್ಲ ಪುಷ್ಪಾ. ಹೇಳಿಕೊಟ್ರೆ ಬರೋದಲ್ಲ ಅದು. ಕೆಲವರಿಗೆ ಬರಲ್ಲ, ಅಷ್ಟೇ. ಬಿಟ್ಬಿಡು."

ಬಿಟ್ಟಳು. ವ್ಯಾನ್ ನನ್ನದಾಯಿತು. ವರ್ಷಗಳಿಂದ ಓಡುತ್ತಿದೆ.

ಮೊನ್ನೆ ಆ ವ್ಯಾನಿನ ರಿಪೇರಿಗೆಂದೇ ಭದ್ರಾವತಿಗೆ ಹೊರಟಿದ್ದೆ. ಬಸ್ ಸ್ಟಾಪಿನಲ್ಲಿ ಪುಷ್ಪಾ ಎರಡು ಚೀಲ ಹಿಡಿದು ನಿಂತಿದ್ದಳು. ಹತ್ತಿಸಿಕೊಂಡೆ. ಅದೇ ಕಲಿಸುವ ಕಾರು. ಅವಳು ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿ ಕೂತಳು. "ನನ್ ಕಾಲು ತಾಗಿ ಏನಾದ್ರೂ ಆದೀತು" ಎಂದು ನಕ್ಕಳು. ಗೇರ್ ಹಾಕಿ ಹೊರಟೆ. ಆಮೇಲೆ ಹೇಳಿದಳು: "ಮಗಳು ಕಾರು ಕಲೀತೀನಿ ಅಂತ ಹಟ ಮಾಡ್ತಾಳೆ ಅಕ್ಕಾ. ಬೇಡ ಅಂದೆ. ನಮ್ಮನೆ ಹೆಣ್ಣುಮಕ್ಕಳ ಕಾಲಿಗೆ ಅದು ಬರಲ್ಲ, ಅಷ್ಟು ಚೆನ್ನಾಗಿ ಕಲಿಸೋ ಅಕ್ಕನೇ ಹೇಳಿದ್ದಾರೆ ಅಂದೆ."

ಒಂದು ಸುಳ್ಳು ಇನ್ನೊಬ್ಬಳ ಕಾಲಿಗೂ — ನಾನು ನೋಡೇ ಇಲ್ಲದ ಹುಡುಗಿಯ ಕಾಲಿಗೂ —

ಹೇಳಿಬಿಟ್ಟೆ. ಪೆಡಲ್, ಶಾಲೆ, ವ್ಯಾನ್, ಎಲ್ಲ. ರಸ್ತೆ ನೋಡುತ್ತಲೇ ಹೇಳಿದೆ. ಡ್ರೈವ್ ಮಾಡುವವರಿಗೆ ಅದೊಂದು ಅನುಕೂಲ.

ಬೈಯುತ್ತಾಳೆಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ: "ಹಂಗಾದ್ರೆ, ನನಗೆ ಬರ್ತಿತ್ತಾ?"

"ಬರ್ತಿತ್ತು."

ಇಷ್ಟು ವರ್ಷ ಅವಳಿಗಿದ್ದ ಒಂದೇ ಸಮಾಧಾನ, ತನ್ನಿಂದ ಆಗುತ್ತಿರಲಿಲ್ಲ ಎನ್ನುವುದು. ಅದನ್ನೂ ಕಿತ್ತುಕೊಂಡೆ.

"ನಿಲ್ಲಿಸಿ ಮೇಡಂ" ಎಂದಳು. ಅಕ್ಕ ಎನ್ನಲಿಲ್ಲ.

ಊರು ಇನ್ನೂ ದೂರವಿತ್ತು. ವ್ಯಾನ್ ಬಿಟ್ಟುಕೊಡುತ್ತೇನೆ, ಮಗಳಿಗೆ ನಾನೇ ಕಲಿಸುತ್ತೇನೆ ಎನ್ನಲು ಬಾಯಿ ತೆರೆದೆ. ಅದೂ ಚೌಕಾಸಿಯೇ ಎಂದು ನನಗೇ ಕೇಳಿಸಿತು. ಕಾರು ನಿಲ್ಲಿಸಿದೆ. ಅವಳು ಚೀಲಗಳನ್ನು ಒಂದೊಂದಾಗಿ ಇಳಿಸಿಕೊಂಡು, ಬಾಗಿಲನ್ನು ಮೆಲ್ಲಗೆ ಹಾಕಿ, ಬಿಸಿಲಿನಲ್ಲಿ ನಡೆದಳು. ನಾನು ಸಹಾಯಕ್ಕೆ ಇಳಿಯಲಿಲ್ಲ. ಆ ಅರ್ಹತೆ ನನಗಿರಲಿಲ್ಲ.