ಕಸ್ತೂರಿಯ ಫೀ ಕಟ್ಟಿದ ಮಾಮಾ

ದೀಪಾವಳಿ ಮುಗಿದ ಹೊಸತರಲ್ಲಿ ಈ ಅಂಕಣದಲ್ಲಿ ಒಬ್ಬ ಒಳ್ಳೆಯ ಮನುಷ್ಯನ ಬಗ್ಗೆ ಬರೆಯುವವಳಿದ್ದೆ. ಮೊದಲ ಪ್ಯಾರಾ ಬರೆದೂ ಆಗಿತ್ತು. ಅವರದೊಂದು ಫೋಟೊ ತೆಗೆದುಕೊಂಡು ಬಂದರೆ ಮುಗಿಯಿತು ಅಂದುಕೊಂಡು ಗಡಹಿಂಗ್ಲಜದ ಬಸ್ಸು ಹತ್ತಿದೆ.

ಫೋಟೊ ತೆಗೆಯಲಿಲ್ಲ. ಬರೆದಿದ್ದ ಪ್ಯಾರಾವನ್ನು ವಾಪಸು ಬರುವಾಗ ಬಸ್ಸಿನಲ್ಲೇ ಅಳಿಸಿದೆ.

ಏನಾಯಿತು ಹೇಳುತ್ತೇನೆ. (ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಹುಡುಕಲು ಹೋಗಬೇಡಿ.)

ಕಸ್ತೂರಿ ಅಂತ ಒಂದು ಹುಡುಗಿ. ಹದಿನಾರು ಮುಗಿದಿದೆ. ಕೊಲ್ಹಾಪುರದ ಒಂದು ಜೂನಿಯರ್ ಕಾಲೇಜಿನಲ್ಲಿ ಹನ್ನೊಂದನೆಯ ತರಗತಿ, ಸೈನ್ಸ್. ನಮ್ಮ ಮನೆಯ ಹಿಂದಿನ ಓಣಿಯ ಹಾಸ್ಟೆಲಿನಲ್ಲಿ ಇರುತ್ತಾಳೆ. ಒಂದು ದಿನ ಕಿರಾಣಿ ಅಂಗಡಿಯಲ್ಲಿ ನಾನು ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿ ಬೆನ್ನು ಹತ್ತಿ ಬಂದಳು. ಅಂದಿನಿಂದ ರವಿವಾರದ ಊಟ ನಮ್ಮಲ್ಲೇ. ನನ್ನನ್ನು ಮಾವಶಿ ಅನ್ನುತ್ತಾಳೆ. ಚಿಕ್ಕಮ್ಮ ಅಂದ ಹಾಗೆ. ರೊಟ್ಟಿ ತಿನ್ನುತ್ತ ಫಿಸಿಕ್ಸ್ ವಿವರಿಸುತ್ತಾಳೆ. (ನನಗೆ ತಿಳಿಯುವುದಿಲ್ಲ. ತಲೆ ಆಡಿಸುತ್ತೇನೆ.)

ಅವಳ ಅಪ್ಪ ಇಚಲಕರಂಜಿಯಲ್ಲಿ ಪಾವರ್‌ಲೂಮ್ ಕಾರ್ಮಿಕ. ಬಾಗಲಕೋಟೆಯ ಕಡೆಯಿಂದ ದುಡಿಯಲು ಬಂದು ಅಲ್ಲೇ ನಿಂತವರು. ಅವ್ವ ಶಾಂತವ್ವ ಮನೆಯಲ್ಲೇ ಕೂತು ಮಗ್ಗಕ್ಕೆ ಕಾಂಡಿ, ಅಂದರೆ ನೂಲಿನ ಸಣ್ಣ ಉರುಳೆ, ಸುತ್ತಿಕೊಡುತ್ತಾಳೆ. ಒಂದೇ ಖೋಲಿಯ ಮನೆ. ಗೋಡೆಯ ಆಚೆ ಮಗ್ಗದ ಶೆಡ್ಡು, ಹಗಲೂ ರಾತ್ರಿ ಖಟಖಟ. ಆ ಸದ್ದಿನಲ್ಲೇ ಓದಿ ಕಸ್ತೂರಿ ಹತ್ತರಲ್ಲಿ ಶಾಲೆಗೇ ಮೊದಲು ಬಂದಳು.

ಆಮೇಲೇನು, ಸತ್ಕಾರಗಳು. ಗಲ್ಲಿಯ ಮಂಡಳದವರು ಕರೆದರು, ಸಮಾಜದವರು ಕರೆದರು, ಚುನಾವಣೆಗೆ ನಿಲ್ಲಲಿದ್ದ ಒಬ್ಬ ಪುಢಾರಿಯೂ ಕರೆದ. ಶಾಲು, ತೆಂಗಿನಕಾಯಿ, ಗೋಡೆ ಗಡಿಯಾರ. ಮುಂದೆ ಏನಾಗುತ್ತೀ ಎಂದು ಮೈಕು ಹಿಡಿದು ಕೇಳಿದರಂತೆ. ಫಾರ್ಮಸಿ ಅಂದಳಂತೆ. ಚಪ್ಪಾಳೆ.

ಚಪ್ಪಾಳೆ ತಟ್ಟಿದವರು ಮನೆಗೆ ಹೋದರು. ಅಡ್ಮಿಶನ್ ಶುರುವಾಯಿತು.

ನಮ್ಮಲ್ಲಿ ಹತ್ತರ ತನಕ ಓದು ಹೇಗೋ ನಡೆದುಬಿಡುತ್ತದೆ. ಶಾಲೆ ಓಣಿಯಲ್ಲೇ ಇರುತ್ತದೆ, ಫೀ ಅಂಥದ್ದೇನೂ ಇರುವುದಿಲ್ಲ. ಹದಿನಾರು ಆಯಿತೋ, ಫೀ ಬೇಕು, ಕ್ಲಾಸು ಬೇಕು, ಹಾಸ್ಟೆಲು ಬೇಕು. ಅದೇ ವಯಸ್ಸಿಗೆ ಸರಿಯಾಗಿ ಶೆಡ್ಡಿನಲ್ಲಿ ಪಗಾರವೂ ಶುರುವಾಗುತ್ತದೆ. ಬಡವರ ಮನೆಯಲ್ಲಿ ಯಾವುದು ಗೆಲ್ಲುತ್ತದೆ?

ಸರಕಾರದ ಸ್ಕಾಲರ್‌ಶಿಪ್ ಇಲ್ಲವೇ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೆ. ಅಪ್ಪ ಕೆಲಸ ಬಿಟ್ಟು ಕಚೇರಿ ಅಲೆದರಂತೆ. ಇಲ್ಲಿಯವರು ನಿಮ್ಮ ಮೂಲ ದಾಖಲೆ ಕರ್ನಾಟಕದಿಂದ ತನ್ನಿ ಅಂದರು. ಅಲ್ಲಿಯವರು ನೀವೀಗ ಮಹಾರಾಷ್ಟ್ರದವರು ಅಂದರು. ಗಡಿಯಲ್ಲಿ ಬಾಳುವವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಆಗ ಬಂದವರು ಗಡಹಿಂಗ್ಲಜದ ಮಾಮಾ. ಶಾಂತವ್ವನಿಗೆ ದೊಡ್ಡಪ್ಪನ ಮಗ, ಅಣ್ಣ. ದನಗಳ ಹಿಂಡಿ, ಬೂಸಾ ಮಾರುವ ದೊಡ್ಡ ಅಂಗಡಿ. ಕಾಲೇಜು, ಹಾಸ್ಟೆಲು, ಪುಸ್ತಕ, ಎಲ್ಲಾ ನನಗೆ ಬಿಡ್ರಿ ಎಂದುಬಿಟ್ಟರಂತೆ. ಕಸ್ತೂರಿ ಇದನ್ನು ಹೇಳಿದಾಗ ನಾನು ಕರಗಿಹೋದೆ. ಊರಿಗೊಬ್ಬ ಇಂಥ ಮಾಮಾ ಇದ್ದರೆ ಸಾಕು ಎಂದು ಅವತ್ತೇ ಬರೆಯಲು ಕೂತೆ. ಗಡಹಿಂಗ್ಲಜದಲ್ಲಿ ನನ್ನ ತಮ್ಮನ ಮನೆಯಲ್ಲಿ ಮಗುವಿಗೆ ಹೆಸರಿಡುವ ಕಾರ್ಯಕ್ರಮವೂ ಇತ್ತು. ಅದು ಮುಗಿಸಿ ಮಾಮಾನ ಅಂಗಡಿ ಹುಡುಕಿಕೊಂಡು ಹೋದೆ.

ಸಜ್ಜನರು. ಅದರಲ್ಲಿ ಈಗಲೂ ಅನುಮಾನವಿಲ್ಲ. ಅಂಗಡಿಯಲ್ಲಿ ಕೂರಿಸದೆ ಮೇಲಿನ ಮನೆಗೆ ಕರೆದೊಯ್ದರು. ಅವರ ಹೆಂಡತಿ ಚಹಾ ತಂದರು. "ನಮ್ಮ ಸೊಸಿ ಹೆಂಗ ಓದಾಕತ್ತಾಳ್ರಿ?" ಅಂತ ಕೇಳಿದರು.

ನಾದಿನಿಯ ಮಗಳು ಸೊಸೆಯೇ ತಾನೇ? ಚೆನ್ನಾಗಿ ಓದುತ್ತಾಳೆ ಅಂದೆ. ಅಡಿಗೆ ಕಲಿತಳೇ ಎಂದು ಕೇಳಿದರು. ಬಿಸಿಲಿಗೆ ಓಡಾಡಿ ಕಪ್ಪಾಗಿಲ್ಲವಲ್ಲ ಎಂದರು. ಇದೇಕೆ ಕೇಳುತ್ತಿದ್ದಾರೆ ಎಂದು ನಾನು ಯೋಚಿಸುವಷ್ಟರಲ್ಲಿ ಇಪ್ಪತ್ತೈದರ ಆಸುಪಾಸಿನ ಹುಡುಗ ಬಾಗಿಲಲ್ಲಿ ಬಂದು ನಿಂತ. ನಮ್ಮ ಮಗ ಅಂದರು. ಕಸ್ತೂರಿಯ ಹೆಸರು ಕೇಳಿ ಅವನು ನಾಚಿ ಒಳಗೆ ಹೋದ.

"ಬಾರಾವಿ ಮುಗೀಲಿ, ಹದಿನೆಂಟು ತುಂಬಲಿ," ಎಂದರು ಆಕೆ. "ಆಮ್ಯಾಲ ಅಕ್ಕಿಕಾಳ ಹಾಕಿಬಿಡೂದು." ಬಾರಾವಿ ಅಂದರೆ ಹನ್ನೆರಡನೆಯದು. ಅಕ್ಕಿಕಾಳು ಅಂದರೆ ಮದುವೆ.

ಚಹಾದ ಕಪ್ಪು ಕೆಳಗಿಟ್ಟೆ. ನನ್ನ ಗಾಬರಿ ಮುಖದ ಮೇಲೆ ಕಾಣಿಸಿರಬೇಕು. ಮಾಮಾ ಸಮಾಧಾನದಿಂದ ತಿಳಿಸಿ ಹೇಳಿದರು. "ಕಾಯದೆ ಬಿಟ್ಟು ನಾವೇನೂ ಮಾಡಂಗಿಲ್ರಿ ಅಕ್ಕಾರ. ಈಗಿನ ಕಾಲಕ್ಕ ಕಲ್ತ ಸೊಸಿ ಬೇಕಲ್ರಿ. ಎಲ್ಲಿ ಹುಡುಕಿದ್ರೂ ಸಿಗವೊಲ್ಲರು. ಅದಕ್ಕ ನಾವ ಕಲಸಾಕತ್ತೇವಿ."

ಸೊಸೆ ಸಿಗುತ್ತಿಲ್ಲ, ಆದ್ದರಿಂದ ಒಬ್ಬಳನ್ನು ತಯಾರು ಮಾಡಿಸುತ್ತಿದ್ದಾರೆ! ಅದನ್ನು ಅಷ್ಟು ಸರಳವಾಗಿ, ಅಷ್ಟು ಹೆಮ್ಮೆಯಿಂದ ಹೇಳಿದರು. ನನಗೆ ಕೋಪ ಮಾಡಿಕೊಳ್ಳಲೂ ಆಗಲಿಲ್ಲ. ಕೊನೆಗೆ ಒಂದೇ ಪ್ರಶ್ನೆ ಕೇಳಿದೆ. ಕಸ್ತೂರಿಗೆ ಇದು ಗೊತ್ತೇ?

"ಆಕೀಗೆ ಈಗ ಯಾಕ್ರಿ? ಓದು ಕೆಡತೈತಿ," ಅಂದರು ಮಾಮಾ.

ಕಾಗಲದಲ್ಲಿ ಇಳಿದು ಕೊಲ್ಹಾಪುರದ ಬದಲು ಇಚಲಕರಂಜಿಯ ಬಸ್ಸು ಹಿಡಿದೆ. ಕಸ್ತೂರಿಯ ಜೊತೆ ಹಿಂದೊಮ್ಮೆ ಹೋಗಿದ್ದರಿಂದ ಅವಳ ಮನೆ ಗೊತ್ತಿತ್ತು. ಅವಳ ಅಪ್ಪ ಪಾಳಿಗೆ ಹೋಗಿದ್ದರು. ಶಾಂತವ್ವ ಕಾಂಡಿ ಸುತ್ತುತ್ತ ಕೂತಿದ್ದಳು. ನಾನು ಗಡಹಿಂಗ್ಲಜದಿಂದ ಬಂದೆ ಅಂದದ್ದೇ ತಡ, ಅವಳ ಕೈ ನಿಂತಿತು. ಬಾಗಿಲು ಮುಂದೆ ಮಾಡಿದಳು.

ನಾನು ಬೈಯಲು ಸಿದ್ಧವಾಗಿ ಹೋಗಿದ್ದೆ. ಅವಳು ಅದಕ್ಕೆ ಅವಕಾಶ ಕೊಡಲಿಲ್ಲ. "ನಮ್ಮಣ್ಣ ಕೆಟ್ಟಾಂವಲ್ರಿ ಅಕ್ಕಾರ," ಎಂದಳು. "ಎಲ್ಲಾರೂ ಶಾಲು ಹಾಕಿದ್ರು. ಫೀ ಕಟ್ಟಿದಾಂವ ಅವ ಒಬ್ಬನ."

 

ಅಡ್ಮಿಶನ್ ಹೊತ್ತಿಗೆ ಗಂಡ ಆಗಲೇ ಮಗಳಿಗೆ ಗಾರ್ಮೆಂಟಿನಲ್ಲಿ ಕೆಲಸ ಮಾತಾಡಿದ್ದನಂತೆ. ಸೋಮವಾರದಿಂದ ಹೋಗಬೇಕಿತ್ತು. ಶನಿವಾರ ಅಣ್ಣ ಈ ಮಾತು ತಂದ. ಶಾಂತವ್ವನ ಮದುವೆ ಹದಿನೈದಕ್ಕೇ ಆಗಿತ್ತು. ಮಗಳಿಗೆ ಇನ್ನೆರಡು ವರ್ಷವಾದರೂ ಸಿಗುತ್ತದಲ್ಲ, ಎರಡು ವರ್ಷದಲ್ಲಿ ಏನು ಬೇಕಾದರೂ ಆಗಬಹುದು ಎಂದು ಹೂಂ ಅಂದಳು. ಮಗಳಿಗೆ ಮಾತ್ರ ಹೇಳಲು ಬಾಯಿ ಬರಲಿಲ್ಲ.

ನಾನು ಪಟ್ಟು ಹಿಡಿದೆ. ಅವಳ ಬಾಳಿನ ವಿಷಯ, ಎಲ್ಲರಿಗೂ ಗೊತ್ತು, ಅವಳಿಗೊಬ್ಬಳಿಗೇ ಗೊತ್ತಿಲ್ಲ ಅಂದರೆ ಹೇಗೆ ಎಂದೆ. ಮಗ್ಗದ ಸದ್ದಿನ ಮೇಲೆ ದನಿ ಏರಿಸಿ ಹಕ್ಕು, ನ್ಯಾಯ ಎಂದೆಲ್ಲ ಮಾತಾಡಿದೆ. ನೀನು ಹೇಳದಿದ್ದರೆ ನಾನು ಹೇಳುತ್ತೇನೆ ಅಂದುಬಿಟ್ಟೆ. ಶಾಂತವ್ವ ಮತ್ತೆ ಕಾಂಡಿ ಕೈಗೆತ್ತಿಕೊಂಡು, ರವಿವಾರ ಬರುತ್ತೇನೆ ಅಂದಳು.

ಬಂದಳು. ನಮ್ಮ ಅಡಿಗೆಮನೆಯಲ್ಲಿ ಕಸ್ತೂರಿ ಊಟ ಮಾಡುತ್ತಿದ್ದಾಗ, ನೆಲ ನೋಡುತ್ತ ಎಲ್ಲವನ್ನೂ ಹೇಳಿದಳು. ಕಸ್ತೂರಿ ಬಾಯಲ್ಲಿದ್ದ ತುತ್ತು ಮುಗಿಸಿದಳು. ಎದ್ದು ಕೈ ತೊಳೆದಳು.

"ನಂಗ ಗೊತ್ತಿತ್ತು, ಅವ್ವಾ."

ದೀಪಾವಳಿಗೆ ಗಡಹಿಂಗ್ಲಜಕ್ಕೆ ಹೋಗಿದ್ದಾಗ ಅತ್ತೆ ಕೈ ಹಿಡಿದು ಬಳೆ ತೊಡಿಸಿದ್ದರಂತೆ. ತೊಡಿಸಿ ಮಗನ ಕಡೆ ನೋಡಿದ್ದರಂತೆ. ಆ ಒಂದು ನೋಟ ಸಾಕಾಗಿತ್ತು ಅವಳಿಗೆ.

"ಗೊತ್ತಿದ್ರೂ ಗೊತ್ತಿಲ್ಲದಂಗ ಇದ್ದೆ," ಎಂದಳು. "ಗೊತ್ತೈತಿ ಅಂದ್ರ ಹೂಂ ಅನಬೇಕು, ಇಲ್ಲಾ ಒಲ್ಲೆ ಅನಬೇಕು. ಒಲ್ಲೆ ಅಂದ್ರ ಹಾಸ್ಟೆಲ್ ಹೋಗತೈತಿ. ಬಾರಾವಿ ಪರೀಕ್ಷಾ ಮುಗಿಸಿ ಒಲ್ಲೆ ಅನ್ನಾಕಿ ಇದ್ದೆ."

ನಂತರ ನನ್ನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಈಗ ನೀವು ಬಾಯಿ ಬಿಡಿಸಿದ್ರಿ. ಇನ್ನ ನಾ ಏನ ಮಾಡ್ಲಿ, ಮಾವಶಿ?"

ನಾನು ಒಲೆಯ ಕಡೆ ತಿರುಗಿ ನಿಂತೆ. ಗಡಹಿಂಗ್ಲಜದಲ್ಲಿ ಆದದ್ದು ಆಘಾತವೆಂದು ತಿಳಿದಿದ್ದೆ. ಅದು ಏನೂ ಅಲ್ಲ. ಹದಿನಾರರ ಹುಡುಗಿ ದೊಡ್ಡವರೆಲ್ಲರ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೌನವಾಗಿ ತನ್ನ ಫೀ ಉಳಿಸಿಕೊಳ್ಳುತ್ತಿದ್ದಳು. ನಾನು ನ್ಯಾಯ ಹೇಳಲು ಹೋಗಿ ಆ ಮೌನವನ್ನು ಕಸಿದುಕೊಂಡಿದ್ದೆ.

ಅವಳು ಅಳಲಿಲ್ಲ. ನನ್ನ ಫೋನು ಕೇಳಿದಳು. ಬೇಡ, ಯೋಚನೆ ಮಾಡೋಣ ಎಂದು ನಾವಿಬ್ಬರೂ ಹೇಳಿದೆವು. ಮಾತು ಹೊರಬಿದ್ದ ಮೇಲೂ ಸುಮ್ಮನಿದ್ದು ಹಣ ತೆಗೆದುಕೊಂಡರೆ ಮೋಸವಾಗುತ್ತದೆ ಅಂದಳು. ಮಾಮಾಗೆ ಫೋನು ಹಚ್ಚಿದಳು. "ಮಾಮಾ, ನಾ ಲಗ್ನಾ ಒಲ್ಲೆ. ನೀವು ಕಲಿಸಿದ್ದನ್ನ ಮಾತ್ರ ಮರಿಯಂಗಿಲ್ಲ."

 ಆ ಕಡೆಯಿಂದ ಮಾಮಾ, ಊಟ ಆಯಿತೇನವ್ವಾ ಎಂದಷ್ಟೇ ಕೇಳಿದರಂತೆ. ಆಯಿತು ಅಂದಳು. ಫೋನು ಇಟ್ಟರು.

ಮುಂದಿನ ತಿಂಗಳಿನಿಂದ ಹಾಸ್ಟೆಲಿಗೆ ಹಣ ಬರಲಿಲ್ಲ. ಯಾರೂ ಜಗಳವಾಡಲಿಲ್ಲ, ಬೈಯಲಿಲ್ಲ. ಶಾಂತವ್ವನಿಗೆ ಅಣ್ಣನ ಮನೆಯಿಂದ ಫೋನು ಬರುವುದು ನಿಂತಿತು, ಅಷ್ಟೇ. ಕಸ್ತೂರಿಯ ಅಪ್ಪ ನನ್ನ ಜೊತೆ ಇವತ್ತಿಗೂ ಮಾತಾಡುವುದಿಲ್ಲ.

ಹಾಸ್ಟೆಲಿನ ವಾರ್ಡನ್ ಹತ್ತಿರ ಹೋಗಿ ನಡೆದದ್ದನ್ನು ಹೇಳಿದೆ. ಆಕೆ ಬೆಚ್ಚಿಬೀಳುತ್ತಾರೆ ಅಂದುಕೊಂಡಿದ್ದೆ. ಆಕೆ ರಜಿಸ್ಟರಿನಿಂದ ತಲೆ ಕೂಡ ಎತ್ತದೆ, ಇಂಥ ಮಾಮಾಗಳು ಇಲ್ಲಿ ಇನ್ನೂ ಕೆಲವು ಹುಡುಗಿಯರಿಗೆ ಇದ್ದಾರೆ ಎಂದರು. ಚಂದಗಡದ ಒಬ್ಬಳಿಗಂತೂ ಹಬ್ಬಕ್ಕೆ ಸೀರೆಯೂ ಬರುತ್ತದಂತೆ.

ಕಸ್ತೂರಿ ಹಾಸ್ಟೆಲಿನಲ್ಲೇ ಇದ್ದಾಳೆ. ನಾನು, ನನ್ನ ಮೂವರು ಗೆಳತಿಯರು ಸೇರಿ ಫೀ ಕಟ್ಟುತ್ತಿದ್ದೇವೆ. ಇದಕ್ಕೆ ದಯವಿಟ್ಟು ನನ್ನನ್ನು ಹೊಗಳಬೇಡಿ. ನಮ್ಮಲ್ಲೊಬ್ಬಳಿಗೆ ಕಾಯಿಲೆ ಬಂದರೆ, ಇನ್ನೊಬ್ಬಳ ಮನಸ್ಸು ಬದಲಾದರೆ ಅವಳ ಫಾರ್ಮಸಿ ಅಲ್ಲಿಗೇ ಮುಗಿಯಿತು. ಒಂದು ಮಗುವಿನ ಓದು ಯಾರದೋ ಒಳ್ಳೆಯತನಕ್ಕೆ ಜೋತುಬಿದ್ದಿರಬೇಕೇ? ಹತ್ತರ ತನಕ ಅದು ಸರಕಾರದ ಜವಾಬ್ದಾರಿ, ಹನ್ನೊಂದಕ್ಕೆ ಕಾಲಿಟ್ಟ ಕೂಡಲೇ ಮಾಮಾನ ಜವಾಬ್ದಾರಿ. ಇದು ಯಾವ ಲೆಕ್ಕ?

ಕಳೆದ ವಾರ ಮುರಗೂಡಿನಲ್ಲಿ ಒಂದು ಮದುವೆಯ ಊಟ. ಪಕ್ಕದಲ್ಲಿ ಕೂತಿದ್ದ ಪರಿಚಯದ ಹೆಂಗಸಿಗೆ ಇದನ್ನೆಲ್ಲ ಹೇಳಿದೆ. (ಹೇಳದೆ ಇರಲು ಆಗುತ್ತಿಲ್ಲ ನನಗೆ.) ಆಕೆ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ಕೇಳಿದರು. ಕಣ್ಣೂ ಒದ್ದೆಯಾಯಿತು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೆ ಹೀಗೆ ಮಾಡುವುದೇ ಎಂದು ನೊಂದುಕೊಂಡರು. ಆಮೇಲೆ ಇನ್ನಷ್ಟು ಹತ್ತಿರ ಸರಿದು, ದನಿ ತಗ್ಗಿಸಿದರು.

"ಅಂದ್ರ ಆ ಹುಡುಗಿ ಲಗ್ನ ಇನ್ನೂ ಎಲ್ಲೂ ಠರಾವ್ ಆಗಿಲ್ಲನ್ರಿ? ನಮ್ಮ ಮೈದುನನ ಮಗ ಒಬ್ಬ ಅದಾನ. ನಾವು ಡಿಗ್ರಿ ತನಕ ಕಲಸ್ತೇವಿ."

ಹದಿನಾರು ದಾಟಿದ ಹುಡುಗಿಯನ್ನು ಸುಮ್ಮನೆ ಓದಿಸಲು ಬರುವುದೇ ಇಲ್ಲವೇ ನಮಗೆ?