ಮಳವಳ್ಳಿಯಲ್ಲಿ ದಫೇದಾರರಿಗೆ ಸನ್ಮಾನ

ಮಂಡ್ಯದಲ್ಲಿ ಬೆಳಗಿನ ರೈಲು ಹತ್ತಿದಾಗ ಕಬ್ಬಿನ ಗದ್ದೆಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಹನಕೆರೆ ದಾಟಿ ಮದ್ದೂರಿನಲ್ಲಿ ಇಳಿದು, ಇಡ್ಲಿ ತಿಂದು, ಮಳವಳ್ಳಿಯ ಬಸ್ಸು ಹಿಡಿದೆ. ರಸ್ತೆಯುದ್ದಕ್ಕೂ ಧೂಳು. ಮಳವಳ್ಳಿಯಲ್ಲಿ ನನ್ನ ಭಾವ ಹೆಡ್‌ಮಾಸ್ಟರು. ಮಹಾಯುದ್ಧದಲ್ಲಿ ಸಂಸ್ಥಾನದ ಕುದುರೆ ಪಡೆಯಲ್ಲಿದ್ದು ಮೂರು ಪದಕ ಪಡೆದ ದಫೇದಾರ್ ಕೆಂಚೇಗೌಡರಿಗೆ ಅಂದು ಭಾವನ ಶಾಲೆಯಲ್ಲಿ ಸನ್ಮಾನ.

ಸದ್ದುಗದ್ದಲ ಬೇಡವೆಂದು ಗೌಡರ ಹೆಂಡತಿ ನಿಂಗಮ್ಮ ಮೊದಲೇ ಕೇಳಿಕೊಂಡಿದ್ದರಂತೆ. ಭಾವ ಓಲಗದವರು ಬೇಡವೆಂದು ಹೇಳಿ ಸುಮ್ಮನಾಗಿದ್ದರು. ಆದರೆ ಊರವರು ಗೌರವಕ್ಕೆಂದು ಮದ್ದು ತುಂಬಿದ ಕಬ್ಬಿಣದ ಕೊಳವೆಗಳನ್ನು ಚಪ್ಪರದ ಹಿಂದೆ ಹೂತಿದ್ದರು.

ತಾಲ್ಲೂಕಿನ ಅಮಲ್ದಾರರು ಗೌಡರಿಗೆ ಹಾರ ಹಾಕಿದರು. ಮೊದಲ ಮದ್ದು ಸಿಡಿಯಿತು. ಮರುಕ್ಷಣ ಕುರ್ಚಿ ಉರುಳಿತು; ಕೆಂಚೇಗೌಡರು ಅಮಲ್ದಾರರನ್ನು ನೆಲಕ್ಕೆ ಕೆಡವಿ, ತಲೆ ಅದುಮಿ, ಅವರ ಮೇಲೆ ಕವುಚಿ ಬಿದ್ದಿದ್ದರು. ಮುದುಕ ಎಡವಿದನೆಂದು ಜನ ನಕ್ಕರು. ಎರಡನೆಯದೂ ಸಿಡಿಯಿತು. ಮುಂದಿನ ಸಾಲಿನಲ್ಲಿದ್ದ ನನಗೆ ಗೌಡರ ಮಾತು ಕೇಳಿಸಿತು.

"ತಲೆ ಎತ್ಬ್ಯಾಡ ಕಣ್ಲಾ ಸಿದ್ದ. ನಾನಿವ್ನಿ."

ಗೌಡರ ಕಣ್ಣು ತೆರೆದೇ ಇತ್ತು. ನಾವು ಯಾರೂ ಅದಕ್ಕೆ ಕಾಣುತ್ತಿರಲಿಲ್ಲ. ನಗು ಎಲ್ಲೋ ಅಡಗಿಹೋಯಿತು.

ಜವಾನನೊಬ್ಬ ಅವರನ್ನು ಎಳೆಯಲು ಹೋದ. ಹೆಂಗಸರ ನಡುವಿನಿಂದ ಓಡಿ ಬಂದ ನಿಂಗಮ್ಮ ಅವನನ್ನು ತಡೆದರು. "ಮುಟ್ಬ್ಯಾಡಿ. ಸಿದ್ದ ಅಂದ್ರೆ ಇವ್ರ ಜೊತೆಗಾರ. ಕಣ್ಮುಂದೇನೇ ಸತ್ತೋದ."

ಆಗ ಕೆಳಗಿನಿಂದ, ಬಾಯಿಗೆ ಮಣ್ಣು ಮೆತ್ತಿದ್ದ ಅಮಲ್ದಾರರ ದನಿ ಬಂತು: "ತಲೆ ಎತ್ತಲ್ಲ ಕಣಣ್ಣ. ಇಲ್ಲೇ ಇದೀನಿ."

ಬಹಳ ಹೊತ್ತಿನ ಮೇಲೆ ಗೌಡರ ಹಿಡಿತ ಸಡಿಲವಾಯಿತು. ತಾನು ಯಾರನ್ನು ಕೆಡವಿದೆನೆಂದು ತಿಳಿದಾಗ ಅವರು ತಡಬಡಿಸಿ ಎದ್ದು ಸಲಾಮು ಮಾಡಿದರು. ಅಮಲ್ದಾರರು ಆ ಕೈಯನ್ನು ಇಳಿಸಿ ಹಿಡಿದುಕೊಂಡರು.

ಭಾಷಣಗಳು ನಡೆಯಲಿಲ್ಲ. ಭಾವ ತಲೆ ತಗ್ಗಿಸಿ ಕಂಬಕ್ಕೆ ಒರಗಿದ್ದರು. ಮೋಟಾರಿನಲ್ಲಿ ಮನೆಗೆ ಬಿಡುತ್ತೇವೆಂದರೆ ನಿಂಗಮ್ಮ ಒಪ್ಪಲಿಲ್ಲ. ನಡೆದರೇ ಗೌಡರಿಗೆ ಸಮಾಧಾನವಂತೆ.

ಸಂಜೆ ನಾನು ಹತ್ತಿದ ಮದ್ದೂರಿನ ಬಸ್ಸು ಊರಾಚೆಯ ಕೆರೆ ಏರಿಗೆ ಬಂದಾಗ ಮುಂದೆ ಮೂವರು ನಡೆಯುತ್ತಿದ್ದರು. ಗಂಡ ಹೆಂಡತಿ, ಅವರ ಹಿಂದೆ ಮಣ್ಣಾದ ಕೋಟಿನಲ್ಲೇ ಅಮಲ್ದಾರರು. ನಮ್ಮ ಡ್ರೈವರು ಹಾರನ್ ಒತ್ತಲಿಲ್ಲ. ಏರಿ ಮುಗಿಯುವವರೆಗೂ ಅವರ ಹಿಂದೆಯೇ ನಿಧಾನವಾಗಿ ಬಸ್ಸು ಬಿಟ್ಟ.