ಚಕ್ರವಿಲ್ಲದ ಗಿಫ್ಟು

“ಚಕ್ರ ಇಲ್ಲದ್ದು ಏನಾದ್ರೂ ತೋರಿಸಿ.”

ಕಮರ್ಷಿಯಲ್ ಸ್ಟ್ರೀಟಿನ ಆಟಿಕೆ ಅಂಗಡಿಯೊಂದರಲ್ಲಿ ನಿಂತು ನಾನು ಹೀಗೆ ಕೇಳಿದಾಗ ಅಂಗಡಿಯವರು ನನ್ನ ಮುಖವನ್ನೇ ನೋಡಿದರು. ಇಂಥ ಗಿರಾಕಿ ಅವರಿಗೆ ಸಿಕ್ಕಿರಲಿಕ್ಕಿಲ್ಲ.

“ಮಗೂಗೆ ವಯಸ್ಸೆಷ್ಟು ಮೇಡಂ?”

“ಐದು ತುಂಬುತ್ತೆ.”

“ಹುಡ್ಗಾನಾ? ಅರೇ, ಹಂಗಾದ್ರೆ ಕಾರ್ ಕೊಡಿ ಮೇಡಂ! ರಿಮೋಟ್ ಇದೆ, ಲೈಟ್ ಬರುತ್ತೆ, ಡೋರ್ ಓಪನ್ ಆಗುತ್ತೆ. ಕಾರ್ ಇಷ್ಟ ಇಲ್ದಿರೋ ಹುಡ್ಗ ಎಲ್ಲಾದ್ರೂ ಇರ್ತಾನಾ?”

“ಇವನಿಗೂ ತುಂಬಾ ಇಷ್ಟ. ಅದಕ್ಕೇ ಬೇಡ.”

ಅವರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳುವ ಗೋಜಿಗೂ ಹೋಗಲಿಲ್ಲ. ಆದರೆ ವ್ಯಾಪಾರ ಮಾಡುವವರು ಅಷ್ಟು ಸುಲಭಕ್ಕೆ ಬಿಡುತ್ತಾರೆಯೇ? ಒಂದು ಆಂಬುಲೆನ್ಸ್ ಇಳಿಸಿ “ಇದು ಕಾರಲ್ಲ” ಎಂದರು. ಆಮೇಲೆ ಫೈರ್ ಎಂಜಿನ್, ಕ್ರೇನು, ಕಸದ ಲಾರಿ. ನಾನು ತಲೆ ಅಲ್ಲಾಡಿಸುತ್ತಲೇ ಇದ್ದೆ. ಮರದ ಆನೆ ತೋರಿಸಿದರು. ಅದರ ಕಾಲಿಗೂ ಚಕ್ರ. ದಾರ ಕಟ್ಟಿ ಎಳೆಯುವ ಬಾತುಕೋಳಿಗೂ ಚಕ್ರ. ಕೊನೆಗೊಂದು ಟೆಲಿಫೋನು ಬಂತು. ಅದಕ್ಕೂ ಚಕ್ರ ಹಾಕಿದ್ದಾರೆ ಪುಣ್ಯಾತ್ಮರು! ಆಟಿಕೆ ಅಂಗಡಿಯಲ್ಲಿ ಇಷ್ಟೊಂದು ಚಕ್ರಗಳಿರುತ್ತವೆ ಎಂದು ನೀವು ಯಾವತ್ತಾದರೂ ಗಮನಿಸಿದ್ದೀರಾ? ನಾನಂತೂ ಗಮನಿಸಿರಲಿಲ್ಲ.

ಕಡೆಗೆ ಸಮುದ್ರದ ಮೀನುಗಳ ಪಜಲ್ ಒಂದನ್ನು ಪ್ಯಾಕ್ ಮಾಡಿಸಿಕೊಂಡು ಬಂದೆ. ಮೀನಿಗೆ ಚಕ್ರ ಇರುವುದಿಲ್ಲ.

ಹುಡುಗನ ಹೆಸರು ಅಚಿಂತ್ಯ. ಮನೆಯವರಿಗೆಲ್ಲ ಅಚ್ಚು. ನನ್ನ ಅಕ್ಕನ ಮೊಮ್ಮಗ, ನನ್ನನ್ನು ಚಿಕ್ಕಜ್ಜಿ ಎನ್ನುತ್ತಾನೆ. (ಹಳೆಯ ಓದುಗರಿಗೆ ಇವನ ಪರಿಚಯ ಉಂಟು. ಬರೀ ಹಿಂದಿನ ಲೈಟು ನೋಡಿ ಇದು ಯಾವ ಕಾರು ಅಂತ ಹೇಳುತ್ತಾನೆ ಎಂದು ಹಿಂದೊಮ್ಮೆ ಇದೇ ಅಂಕಣದಲ್ಲಿ ಕೊಚ್ಚಿಕೊಂಡಿದ್ದೆ.) ವಿಮಾನಪುರದಲ್ಲಿ ಅಕ್ಕನ ಮನೆ. ಬಾವ ಅಲ್ಲಿನ ಕಾರ್ಖಾನೆಯಲ್ಲಿ ವಿಮಾನ ಕಟ್ಟಿ ರಿಟೈರ್ ಆದವರು. ತಲೆಯ ಮೇಲೆ ವಿಮಾನ ಹಾರಿದರೆ ಶಬ್ದ ಕೇಳಿಯೇ ಅದರ ಜಾತಕ ಹೇಳುತ್ತಾರೆ. ಮೊಮ್ಮಗ ಮಾತ್ರ ಒಂದು ದಿನವೂ ತಲೆಯೆತ್ತಿ ನೋಡಿದವನಲ್ಲ. ಅವನ ಕಣ್ಣೆಲ್ಲ ರಸ್ತೆಯ ಮೇಲೆ. ಬಾವನಿಗೆ ಅದೊಂದು ಸಣ್ಣ ಬೇಸರ.

ಕಾರಿನ ಹುಚ್ಚು ಹಿಡಿಸಿದವನು ಅಚ್ಚುವಿನ ಅಪ್ಪ, ಅಕ್ಕನ ಒಬ್ಬನೇ ಮಗ ಸುಧೀರ. ದಿನಾ ಸಂಜೆ ಅವನು ಆಫೀಸಿನಿಂದ ಬಂದು ಗೇಟಿನ ಹತ್ತಿರ ಗಾಡಿ ನಿಲ್ಲಿಸಿದರೆ, ಇವನು ಓಡಿಹೋಗಿ ಅಪ್ಪನ ತೊಡೆ ಮೇಲೆ ಕೂತು, ಸ್ಟಿಯರಿಂಗ್ ಹಿಡಿದು, ಕಾರನ್ನು ಒಳಗೆ ‘ತರುತ್ತಿದ್ದ’. ಆಗ ಎದುರಿಗೆ ಯಾರೂ ನಿಲ್ಲುವಂತಿರಲಿಲ್ಲ.

ಸುಧೀರ ಹೋಗಿಬಿಟ್ಟ. ಕಳೆದ ದೀಪಾವಳಿ ಮುಗಿದ ಸ್ವಲ್ಪ ದಿನಕ್ಕೆ, ಕೆ.ಆರ್. ಪುರದ ತೂಗುಸೇತುವೆ ಹತ್ತಿರದ ಟ್ರಾಫಿಕ್ಕಿನಲ್ಲಿ, ಸ್ಟಿಯರಿಂಗ್ ಹಿಡಿದು ಕೂತಲ್ಲೇ. ಆಕ್ಸಿಡೆಂಟ್ ಅಲ್ಲ, ಹಾರ್ಟು. ಇನ್ನೂ ನಲವತ್ತು ತುಂಬಿರಲಿಲ್ಲ. ಮುಂದಿನ ಗಾಡಿಗಳು ಹೊರಟವು, ಇವನದು ಹೊರಡಲಿಲ್ಲ. ಹಿಂದಿನವರು ಹಾರ್ನ್ ಹೊಡೆದರಂತೆ. ಒಬ್ಬರು ಪಕ್ಕದಿಂದ ನುಗ್ಗಿಸಿಕೊಂಡು ಬೈದು ಹೋದರಂತೆ. ಕೊನೆಗೆ ಟ್ರಾಫಿಕ್ ಪೊಲೀಸಿನವರು ಬಂದು ಗಾಜು ಬಡಿದರಂತೆ. (ಮುಂದಿನ ಗಾಡಿ ಕದಲದಿದ್ದರೆ ‘ಹಾರ್ನ್ ಹೊಡೀರಿ’ ಎಂದು ಆಟೋದವರಿಗೆ ಹೇಳುವ ಅಭ್ಯಾಸ ನನಗೂ ಇತ್ತು. ಈಗ ಇಲ್ಲ.)

ಕಾರಿಗೆ ಒಂದು ಗೀರೂ ಆಗಿರಲಿಲ್ಲ. ಸುಧೀರನ ಗೆಳೆಯರು ಅದನ್ನು ತಂದು ಮನೆಯ ಮುಂದೆ ನಿಲ್ಲಿಸಿದರು. ಬಾವ ಮೇಲೊಂದು ಕವರ್ ಹೊದಿಸಿದರು. ಅವತ್ತಿನಿಂದ ಅದು ಅಲ್ಲೇ ನಿಂತಿದೆ. ಮಾರುವ ಮಾತೆತ್ತಿದರೆ ಬಾವ ಎದ್ದು ಒಳಗೆ ಹೋಗುತ್ತಾರೆ. ಸೊಸೆ ಮೇಘಾ ಗೇಟಿಗೆ ಹೋಗಬೇಕಾದರೆ ಆ ಕಡೆ ಮುಖ ಹಾಕದೆ, ಗೋಡೆ ಸವರಿಕೊಂಡು ಹೋಗುತ್ತಾಳೆ.

ಅಚ್ಚುವಿನ ಕಾರುಗಳ ಡಬ್ಬ ಅಟ್ಟ ಸೇರಿತು. ಬೀರುವಿಗೆ ಅಂಟಿಸಿದ್ದ ಕಾರಿನ ಸ್ಟಿಕರ್‌ಗಳನ್ನು ಅಕ್ಕ ಕೆರೆದು ತೆಗೆದಳು. ‘ಕಾರು’ ಎನ್ನುವ ಪದವೇ ಆ ಮನೆಯಲ್ಲಿ ನಿಂತುಹೋಯಿತು. ಎಲ್ಲಿಯವರೆಗೆ ಅಂದರೆ, ಒಂದು ದಿನ ಬಡಿಸುತ್ತಾ ಅಕ್ಕ “ಸಾರಿಗೆ ಕಾರ ಸಾಕಾ?” ಎಂದುಬಿಟ್ಟಳು. ಮೇಘಾ ಕಲಸುತ್ತಿದ್ದ ಕೈ ನಿಲ್ಲಿಸಿದಳು. ಅಕ್ಕ ನಾಲಿಗೆ ಕಚ್ಚಿಕೊಂಡಳು. (ನಮ್ಮ ಬೆಂಗಳೂರಿನ ಬಾಯಲ್ಲಿ ಖಾರಕ್ಕೂ ಕಾರಿಗೂ ಎಷ್ಟು ಅಂತರ ಹೇಳಿ!) ಅವತ್ತಿನಿಂದ ಅಕ್ಕ “ಮೆಣಸಿನ್ಪುಡಿ ಸಾಕಾ?” ಎಂದು ಕೇಳುತ್ತಾಳೆ. ಮೊದಲ ಸಲ ಕೇಳಿದಾಗ ನನಗೆ ನಗು ಬಂತು. ಮನೆಗೆ ಬಂದ ಮೇಲೆ ಅತ್ತುಬಿಟ್ಟೆ.

ಈಗ ಅಚ್ಚುವಿನ ಬರ್ತ್‌ಡೇ. ಸಾವಾದ ಮನೆ, ವರ್ಷ ತುಂಬುವ ತನಕ ಹಬ್ಬ ಮಾಡುವಂತಿಲ್ಲ. ಹುಟ್ಟಿದಹಬ್ಬ ಕೂಡ ಹಬ್ಬದ ಲೆಕ್ಕಕ್ಕೆ ಬರುತ್ತದೆಯೇ? ಶಾಸ್ತ್ರ ಯಾರಿಗೂ ಗೊತ್ತಿರಲಿಲ್ಲ. ಬಾವ ತೀರ್ಮಾನ ಕೊಟ್ಟರು: “ಕೇಕ್ ಬೇಡ, ಪಾಯಸ ಇರ್ಲಿ. ಮನೆಯವರಷ್ಟೇ ಬರ್ಲಿ. ಮಗು ಏನ್ ಮಾಡಿದೆ ಪಾಪ.”

ಅಕ್ಕ ಫ್ಯಾಮಿಲಿ ಗ್ರೂಪಿನಲ್ಲಿ ಮೆಸೇಜ್ ಹಾಕಿದಳು. “ದಯವಿಟ್ಟು ಯಾರೂ ಕಾರ್ ತರಬೇಡಿ. ಮೇಘಾಗೆ ನೋಡಕ್ಕಾಗಲ್ಲ. ಮಗೂನೂ ಮರೀಲಿ.” ನಾವೆಲ್ಲ ಸಾಲಾಗಿ ಹೆಬ್ಬೆಟ್ಟು ಒತ್ತಿದೆವು.

ಹಾಗಾಗಿ ಮೊನ್ನೆ ಭಾನುವಾರ ಆ ಮನೆಯ ಹಾಲಿನಲ್ಲಿ ಒಂದು ಜಿರಾಫೆ, ಒಂದು ಡೈನೋಸಾರು, ಕ್ರಿಕೆಟ್ ಬ್ಯಾಟು, ಬಣ್ಣದ ಪೆನ್ಸಿಲ್ಲು, ಜೊತೆಗೆ ನನ್ನ ಮೀನುಗಳು. ಅಚ್ಚು ಒಂದೊಂದನ್ನೇ ಬಿಚ್ಚಿದ. ಒಂದೊಂದಕ್ಕೂ “ಥ್ಯಾಂಕ್ಯೂ” ಅಂದ. ನೀಟಾಗಿ ಗೋಡೆಗೆ ಒರಗಿಸಿಟ್ಟ. ಹಠವಿಲ್ಲ, ಅಳುವಿಲ್ಲ, ಇನ್ನೇನಾದರೂ ಇದೆಯಾ ಎಂದು ಚೀಲದೊಳಗೆ ಇಣುಕಲೂ ಇಲ್ಲ.

“ನೋಡಿದ್ಯಾ, ಅದರ ಸುದ್ದೀನೇ ಎತ್ತಲಿಲ್ಲ. ಮಕ್ಕಳು ಬೇಗ ಮರೀತಾವೆ ಕಣೇ,” ಎಂದು ಅಕ್ಕ ಅಡುಗೆಮನೆಯಲ್ಲಿ ನನ್ನ ಕಿವಿಯಲ್ಲಿ ಹೇಳಿದಳು. ಅವಳ ಮುಖದಲ್ಲಿ ಏನೋ ಗೆದ್ದ ಸಮಾಧಾನ.

ನನಗೇಕೋ ಕಸಿವಿಸಿ. ಐದು ವರ್ಷದ ಮಗು ಬೇಡದ ಗಿಫ್ಟಿಗೆ ಇಷ್ಟು ಮರ್ಯಾದೆಯಿಂದ ಥ್ಯಾಂಕ್ಯೂ ಹೇಳುತ್ತದೆಯೇ? ಅಷ್ಟು ಮರ್ಯಾದೆ ನಮಗೆ, ದೊಡ್ಡವರಿಗೆ, ಏನನ್ನಾದರೂ ಮುಚ್ಚಿಡಬೇಕಾದಾಗ ಬರುತ್ತದೆ.

ಊಟವಾಗಿ ಬಂದವರೆಲ್ಲ ಹೊರಟ ಮೇಲೆ ಅಚ್ಚು ಕಾಣಲಿಲ್ಲ. ಹುಡುಕಿಕೊಂಡು ಹೊರಗೆ ಬಂದೆ. ಕಾರಿನ ಹಿಂಭಾಗದಲ್ಲಿ, ಕಾಂಪೌಂಡ್ ಗೋಡೆಯ ಇಕ್ಕಟ್ಟಿನಲ್ಲಿ ಎರಡು ಪುಟ್ಟ ಕಾಲು. ಉಳಿದದ್ದೆಲ್ಲ ಕವರಿನೊಳಗೆ.

“ಏನೋ ಮಾಡ್ತಿದ್ದೀಯಾ ಅಲ್ಲಿ?”

ಬೆಚ್ಚಿಬಿದ್ದು ಹೊರಗೆ ಬಂದ. “ಏನೂ ಇಲ್ಲ.”

ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತೆ. ಅವನೂ ಬಂದು ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತು ಚಪ್ಪಲಿಯ ಪಟ್ಟಿ ಎಳೆದು ಬಿಡುತ್ತಿದ್ದ.

“ಚಿಕ್ಕಜ್ಜಿ, ಈ ಸಲ ಗಿಫ್ಟ್ ಏನ್ ಬೇಕು ಅಂತ ನನ್ನ ಯಾರೂ ಕೇಳ್ಲೇ ಇಲ್ಲ.”

ಹೌದಲ್ಲ! ಗ್ರೂಪಿನಲ್ಲಿ ನಾವೆಲ್ಲ ಹೆಬ್ಬೆಟ್ಟು ಒತ್ತಿದ್ದೆವು. ಕೇಳಬೇಕಾದವನನ್ನು ಕೇಳಿರಲಿಲ್ಲ.

“ಈಗ ಕೇಳ್ತಿದ್ದೀನಿ. ಹೇಳು, ಏನ್ ಬೇಕು?”

ಕಾರು ಅನ್ನುತ್ತಾನೆ. ಅಂದರೆ ಕೊಡಿಸಿಯೇಬಿಡುವುದು, ಅಕ್ಕ ಏನಾದರೂ ಅಂದುಕೊಳ್ಳಲಿ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

“ನಿಂಬೆಹಣ್ಣು,” ಅಂದ.

“ನಿಂಬೆಹಣ್ಣಾ? ಜ್ಯೂಸ್ ಕುಡೀತೀಯಾ?”

“ಜ್ಯೂಸ್‌ಗಲ್ಲ. ಚಕ್ರಕ್ಕೆ.”

ಆಯುಧಪೂಜೆ ನೆನಪಿಸಿಕೊಳ್ಳಿ. ಗಾಡಿ ತೊಳೆದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಒಂದೊಂದು ಚಕ್ರದ ಮುಂದೆ ಒಂದೊಂದು ನಿಂಬೆಹಣ್ಣು ಇಡುತ್ತೇವೆ. ಎಲ್ಲರೂ ದೂರ ಸರಿದು ನಿಲ್ಲುತ್ತೇವೆ. ಗಾಡಿ ಒಂದು ಗೇಣು ಮುಂದೆ ಹೋಗುತ್ತದೆ, ಹಣ್ಣು ಪಚಕ್ಕೆಂದು ಒಡೆಯುತ್ತದೆ. ಕಳೆದ ಸಲ ಸುಧೀರ ನಿಂಬೆಹಣ್ಣುಗಳನ್ನು ಮಗನ ಕೈಗೆ ಕೊಟ್ಟು “ನೀನೇ ಇಡು” ಎಂದಿದ್ದ. ನಾನೂ ಅಲ್ಲಿದ್ದೆ, ಫೋಟೋ ಕೂಡ ತೆಗೆದಿದ್ದೆ.

ಫೋಟೋದಲ್ಲಿ ಇಲ್ಲದ್ದನ್ನು ಅಚ್ಚು ಈಗ ಹೇಳಿದ. ಮೂರು ಚಕ್ರಕ್ಕೆ ಇಟ್ಟನಂತೆ. ನಾಲ್ಕನೆಯದು, ಹಿಂದಿನದು, ಗೋಡೆಯ ಕಡೆಯದು. ಅಲ್ಲಿ ಯಾರೂ ನೋಡುವುದಿಲ್ಲ. ಅದಕ್ಕೆ ಇಡಬೇಕಾದ ಹಣ್ಣನ್ನು ಚಡ್ಡಿ ಜೇಬಿಗೆ ಹಾಕಿಕೊಂಡನಂತೆ.

“ಯಾಕೋ ಕಂದಾ?”

“ನನ್ನ ರೆಡ್ ಕಾರಿಗೂ ಬೇಕಿತ್ತು.” ಆಮೇಲೆ ತೀರಾ ಸಣ್ಣ ದನಿಯಲ್ಲಿ, “ನಿಂಬೆಹಣ್ಣು ಇಟ್ರೆ ಗಾಡೀಲಿ ಹೋಗೋರಿಗೆ ಏನೂ ಆಗಲ್ಲ ಅಂತ ಅಜ್ಜಿ ಹೇಳಿದ್ರಲ್ಲ. ನಾನು ಒಂದು ಇಡ್ಲೇ ಇಲ್ಲ.”

ದೀಪಾವಳಿಯಿಂದ ಇಲ್ಲಿಯವರೆಗೆ ಈ ಮಗು ಇದನ್ನು ಒಬ್ಬನೇ ಹೊತ್ತುಕೊಂಡು ಓಡಾಡಿದೆ. ಸ್ಕೂಲಿಗೆ ಹೋಗಿದೆ, ರೈಮ್ಸ್ ಹೇಳಿದೆ, ನಮ್ಮ ಜಿರಾಫೆಗೆ ಥ್ಯಾಂಕ್ಯೂ ಎಂದಿದೆ.

ಮಕ್ಕಳು ಯಾಕೆ ಎಂದು ಕೇಳಿದಾಗ ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ. ದೇವರಿಗೆ ಕೈಮುಗಿ, ಒಳ್ಳೇದಾಗುತ್ತೆ. ನಿಂಬೆಹಣ್ಣಿಡು, ಏನೂ ಆಗಲ್ಲ. ಅಕ್ಕ ಹೇಳಿದ್ದರಲ್ಲಿ ತಪ್ಪೇನಿದೆ? ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇಡದಿದ್ದರೆ ಏನಾಗುತ್ತದೆ ಎಂದು ನಾವು ಹೇಳುವುದಿಲ್ಲ. ಆ ಉಳಿದ ಅರ್ಧವನ್ನು ಮಗು ತಾನೇ ತುಂಬಿಕೊಳ್ಳುತ್ತದೆ. ಸಾವಿಗೆ ಕಾರಣ ಬೇಕೇಬೇಕಲ್ಲ ನಮಗೆ! ನಾವು ದೊಡ್ಡವರು ಒಂದು ಗೀರೂ ಬೀಳದ ಕಾರಿನ ಮೇಲೆ ತಪ್ಪು ಹೊರಿಸಿ ಕವರ್ ಮುಚ್ಚಿದೆವು. ಅವನು ತನ್ನ ಮೇಲೆ ಹೊರಿಸಿಕೊಂಡ.

“ಹಂಗೆಲ್ಲ ಇಲ್ಲ ಪುಟ್ಟಾ. ಅಪ್ಪಂಗೆ ಎದೆ ಒಳಗೆ ತೊಂದ್ರೆ ಆಗಿತ್ತು. ಡಾಕ್ಟ್ರೇ ಹೇಳಿದ್ರು,” ಎಂದೆ.

“ಹೂಂ,” ಅಂದ. ಮೀನಿನ ಪಜಲ್ಲಿಗೆ ಥ್ಯಾಂಕ್ಯೂ ಹೇಳಿದ ಅದೇ ದನಿ. ನನ್ನ ಮಾತು ಅವನಿಗೆ ತಾಕಿರಲಿಲ್ಲ.

ಹಿಂದೆ ಬಳೆಯ ಸದ್ದಾಯಿತು. ಬಾಗಿಲಲ್ಲಿ ಮೇಘಾ. ಯಾವಾಗಿನಿಂದ ನಿಂತಿದ್ದಳೋ ಗೊತ್ತಿಲ್ಲ. ಮೆಟ್ಟಿಲಿಳಿದು ಬಂದು ಅವನ ಮುಂದೆ ನೆಲದ ಮೇಲೇ ಕೂತಳು, ಕಾರಿಗೆ ಬೆನ್ನು ಒರಗಿಸಿಕೊಂಡು.

“ಅಚ್ಚು, ಅಪ್ಪ ನೋಡಿದ್ರು ಕಣೋ.”

“ಏನು?”

“ನೀನು ಜೇಬಿಗೆ ಹಾಕ್ಕೊಂಡಿದ್ದು. ನಾನೂ ನೋಡ್ದೆ. ಹೇಳಕ್ಕೆ ಹೋದೆ. ಅಪ್ಪ ಬೇಡ ಅಂದ್ರು. ‘ಸುಮ್ನಿರು, ಅವನ ಕಾರಿಗೂ ಪೂಜೆ ಆಗ್ಬೇಕಲ್ಲ’ ಅಂದ್ರು. ನಕ್ಬಿಟ್ರು.”

“ಬೈಲಿಲ್ವಾ?”

“ಯಾಕ್ ಬೈತಾರೆ? ಅದು ಅಪ್ಪಾನೇ ನಿಂಗೆ ಕೊಟ್ಟಿದ್ದು ಕಣೋ.”

ನಿಜವಾಗಿ ಹಾಗೇ ನಡೆದಿತ್ತೋ, ಮೇಘಾಗೆ ಆಗ ಹೊಳೆದ ಮಾತೋ, ನಾನು ಕೇಳಲಿಲ್ಲ. ಇನ್ನೂ ಕೇಳಿಲ್ಲ. ಕೇಳುವುದೂ ಇಲ್ಲ. ‘ಕಾರು’ ಎಂಬ ಪದವನ್ನು ಯಾರ ಕಿವಿಗೆ ಬೀಳದಂತೆ ನಾವೆಲ್ಲ ಕಾಯುತ್ತಿದ್ದೆವೋ ಅವಳೇ ಅದನ್ನು ಆಡಿದ್ದಳು. ಅವತ್ತು ಆ ಹುಡುಗನಿಗೆ ಬೇಕಾದ ಗಿಫ್ಟು ತಂದವಳು ಅವಳೊಬ್ಬಳೇ.

ಅಚ್ಚು ಅತ್ತ. ಹೇಗೆ ಅತ್ತ ಅಂದರೆ, ಅಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಅಕ್ಕ ಸೌಟು ಹಿಡಿದುಕೊಂಡೇ ಓಡಿಬಂದಳು. “ಏನಾಯ್ತೇ, ಬಿದ್ನಾ?”

“ಅಳ್ಲಿ ಬಿಡಿ ಅತ್ತೆ,” ಅಂದಳು ಮೇಘಾ. ಅವಳ ಕಣ್ಣಲ್ಲೂ ನೀರು ಸುರಿಯುತ್ತಿತ್ತು.

ಅಕ್ಕನಿಗೆ ನಾನು ವಿಷಯ ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದವಳು ಫ್ರಿಜ್ಜಿನಿಂದ ಒಂದು ನಿಂಬೆಹಣ್ಣು ತಂದು ಮೊಮ್ಮಗನ ಕೈಗಿಟ್ಟಳು. ಬಾಡಿ ಸಿಪ್ಪೆ ಗಟ್ಟಿಯಾಗಿತ್ತು, ಆದರೂ ನಿಂಬೆಹಣ್ಣು. ಯಾರೂ ಹೇಳದೆಯೇ ಬಾವ ಬಂದು ಕವರ್ ಎಳೆದರು. ಒಳಗೆಲ್ಲ ಧೂಳು. ಟೈರುಗಳಲ್ಲಿ ಗಾಳಿ ಕಮ್ಮಿಯಾಗಿತ್ತು. ಮುಂದಿನ ಬಂಪರಿನ ಸಂದಿಯಲ್ಲಿ ಆಯುಧಪೂಜೆಯ ದಾರ ಇನ್ನೂ ಸಿಕ್ಕಿಕೊಂಡಿತ್ತು. ಅದರಲ್ಲಿ ಒಂದೇ ಒಂದು ಒಣಗಿದ ಚೆಂಡುಹೂ.

ಅಚ್ಚು ಗೋಡೆಯ ಸಂದಿಗೆ ನುಸುಳಿದ. ಹಿಂದಿನ ಚಕ್ರದ ಮುಂದೆ ಹಣ್ಣಿಟ್ಟ. ಉರುಳದಂತೆ ಬೆರಳಿನಿಂದ ಒತ್ತಿದ. ಹೊರಗೆ ಬಂದು ಕೈಮುಗಿದ. ಆಮೇಲೆ, ಕಳೆದ ಸಲ ಅಪ್ಪ ಹೇಳಿಕೊಟ್ಟಿದ್ದ ಹಾಗೆ, ಗಾಡಿಗೆ ದಾರಿ ಬಿಟ್ಟು ದೂರ ಸರಿದು ನಿಂತ. ನಮ್ಮನ್ನೂ ಕೈಹಿಡಿದು ಸರಿಸಿದ.

ಕಣ್ಣಿನ ಆಪರೇಷನ್ ಆದ ಮೇಲೆ ಬಾವ ಗಾಡಿ ಮುಟ್ಟುವುದಿಲ್ಲ. ಮೇಘಾ ಕಲಿತಿಲ್ಲ. ಅಕ್ಕನಿಗೂ ನನಗೂ ಸೈಕಲ್ ಕೂಡ ಬರುವುದಿಲ್ಲ. ಅವನು ನಮ್ಮ ನಾಲ್ವರ ಮುಖವನ್ನೂ ಒಂದೊಂದಾಗಿ ನೋಡಿ ಕೇಳಿದ:

“ಇಟ್ಟಾಯ್ತು. ಈಗ ಯಾರು ಓಡಿಸ್ತೀರಾ?”